ಗುರುತಿಲ್ಲದವರನ್ನು ನಗಿಸುವುದು

ಸ್ವಂತ ಊರಿನಲ್ಲಿ 20 ನಿಮಿಷ ಸಲೀಸಾಗಿ ನಗಿಸುತ್ತಿದ್ದ ಸ್ಟ್ಯಾಂಡಪ್ ಕಮಿಡಿಯನ್ ಗಂಟುಮೂಟೆ ಕಟ್ಟಿಕೊಂಡು ಹೊಸ ಊರಿಗೆ ಬಂದು, ಮೊದಲ ಸಲ ಮೈಕ್ ಹಿಡಿದು, ಎಂದೂ ಕೈಕೊಡದ ತನ್ನ ಜೋಕನ್ನು ಹೇಳಿ ಮುಗಿಸುತ್ತಾನೆ. ಫ್ಯಾನ್ ತಿರುಗುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಲೆಕ್ಕ ತಪ್ಪಿದ್ದು ಎಲ್ಲಿ ಎಂದರೆ, ಊರಲ್ಲಿ ಬೀಳುತ್ತಿದ್ದ ನಗುವಿನಲ್ಲಿ ಒಂದಷ್ಟು ಗೆಳೆಯರ ದಾಕ್ಷಿಣ್ಯದ್ದು, ಒಂದಷ್ಟು ಊರ ಸರ್ಕಲ್ಲಿನ ಹೆಸರು ಕೇಳಿದ ಖುಷಿಯದ್ದು, ಮತ್ತೊಂದಷ್ಟು 'ನಮ್ಮ ಹುಡುಗ' ಎಂಬ ಅಭಿಮಾನದ್ದು. ಅವನ್ನೆಲ್ಲ ಕಳೆದರೆ ಜೋಕಿನ ಪಾಲಿಗೆ ಉಳಿಯುವುದು ಹೆಚ್ಚೆಂದರೆ 4 ನಿಮಿಷ. ಈ ಕಳೆಯುವ ಲೆಕ್ಕವನ್ನು ಪ್ರಯಾಣದಲ್ಲೇ ಮಾಡಿಕೊಂಡು ಬಂದವರು ಆರು ತಿಂಗಳು ಮುಂದಿರುತ್ತಾರೆ.

ಮಾಡುವುದು ಸುಲಭ. ಪ್ರತಿ ಜೋಕಿನ ಪಕ್ಕ, ಕೇಳುವವರಿಗೆ ಮೊದಲೇ ಏನು ಗೊತ್ತಿದ್ದರೆ ಇದಕ್ಕೆ ನಗು ಬರುತ್ತದೆ ಎಂದು ಬರೆಯಿರಿ. ಬೀದಿಯ ಹೆಸರು, ಕಾಲೇಜಿನ ಮೇಷ್ಟ್ರು, ಆ ಕಡೆಯ ಮಾತಿನ ಧಾಟಿ ಎಂದೆಲ್ಲ ಬಂದರೆ ಆ ಜೋಕು ಹೊಸ ಊರಿನಲ್ಲಿ ಏಳುವುದಿಲ್ಲ. 'ಅದೇನಂದ್ರೆ, ನಮ್ಮೂರಲ್ಲಿ ಒಂದು ಸರ್ಕಲ್ ಇದೆ...' ಎಂದು ವಿವರಿಸಲು ಹೊರಟರೆ 20 ಸೆಕೆಂಡು ಹೋಗುತ್ತದೆ, ಜೊತೆಗೆ ಜೋಕೂ ಹೋಗುತ್ತದೆ. ಹೆಸರನ್ನು ತೆಗೆದು ಅದರ ಗುಣವನ್ನು ಇಡಬೇಕು. 'ಸಿಗ್ನಲ್ಲಿಗಿಂತ ಹಸು ಹೆಚ್ಚು ಶಿಸ್ತಿನಿಂದ ನಿಲ್ಲುವ ಸರ್ಕಲ್' ಎಂದರೆ ಅದು ಯಾವ ಊರಿನದಾದರೂ ಆಯಿತು.

ಇದರ ಉಲ್ಟಾ ತಪ್ಪೂ ಇದೆ. ಬಂದ ವಾರವೇ ಹೊಸ ಊರಿನ ಟ್ರಾಫಿಕ್ಕು, ಬಾಡಿಗೆ, ಹವೆಯ ಮೇಲೆ ಐದು ನಿಮಿಷ ಬರೆದುಬಿಡುವುದು. ಅದೇ ರಾತ್ರಿ ಅದೇ ಪಟ್ಟಿಯಲ್ಲಿ ನಿಮಗಿಂತ ಮೊದಲು ನಾಲ್ವರು ಅದನ್ನೇ ಹೇಳಿ ಇಳಿದಿರುತ್ತಾರೆ. ಊರಿನವರಿಗೆ ತಮ್ಮ ಟ್ರಾಫಿಕ್ಕನ್ನು ಬಯ್ಯುವ ಹಕ್ಕು ಹೊರಗಿನವರಿಗೆ ಕೊಡಲು ಮನಸ್ಸೂ ಇರುವುದಿಲ್ಲ. ಊರನ್ನು ಬಿಟ್ಟು, ಊರಲ್ಲಿ ನೀವು ಪೆದ್ದರಾದ ಬಗೆಯನ್ನು ಹೇಳಿ. ಹಕ್ಕಿನ ಪ್ರಶ್ನೆ ಬರುವುದಿಲ್ಲ.

ಇನ್ನು ಓಪನ್ ಮೈಕ್, ಅಂದರೆ ಹೆಸರು ಕೊಟ್ಟವರು ಯಾರು ಬೇಕಾದರೂ ಕೆಲವು ನಿಮಿಷ ವೇದಿಕೆ ಹತ್ತಬಹುದಾದ ಷೋ. ಹೆಸರು ಕೊಡುವ ಪದ್ಧತಿ ಸಾಮಾನ್ಯವಾಗಿ ಮೂರು ಬಗೆ: ಮೊದಲೇ ಆನ್‌ಲೈನ್ ಫಾರಂ, ಬಾಗಿಲಲ್ಲಿ ಹಾಳೆ, ಅಥವಾ ಬಕೆಟ್ಟಿಗೆ ಚೀಟಿ. ಯಾವುದೇ ಇರಲಿ, 45 ನಿಮಿಷ ಮೊದಲು ಹೋಗಿ. ಸಿಗುವುದು 3ರಿಂದ 5 ನಿಮಿಷ. ಪಟ್ಟಿಯಲ್ಲಿ 15-20 ಹೆಸರಿದ್ದರೆ ನಿಮ್ಮದು 17ನೆಯದು ಎಂದೇ ಇಟ್ಟುಕೊಳ್ಳಿ. ನಡುವೆ ಹೆಸರಾದ ಕಮಿಡಿಯನ್ ಒಬ್ಬರು 'ಸುಮ್ಮನೆ ಒಂದೆರಡು ಹೊಸ ಜೋಕು ನೋಡೋಣ ಅಂತ' ಬಂದರೆ ನೀವು 18. ಆ ಹೊತ್ತಿಗೆ ದುಡ್ಡು ಕೊಟ್ಟು ಬಂದವರು ಎದ್ದುಹೋಗಿ, ಉಳಿದವರೆಲ್ಲ ತಮ್ಮ ತಮ್ಮ ನೋಟ್‌ಬುಕ್ ನೋಡುತ್ತ ಕೂತ ಕಮಿಡಿಯನ್ನರು. ಕಮಿಡಿಯನ್ನರು ನಗುವುದಿಲ್ಲ. ಮುಖ ಸಿಂಡರಿಸಿಕೊಂಡು 'ಹ್ಞೂಂ, ಚೆನ್ನಾಗಿದೆ' ಎನ್ನುತ್ತಾರೆ. ಅದನ್ನು ಚಪ್ಪಾಳೆಯ ಖಾತೆಗೆ ಬರೆದುಕೊಳ್ಳಬಹುದು.

ಐದು ಜನರನ್ನು ಕರೆತಂದರೆ ಮಾತ್ರ ಸ್ಪಾಟ್ (ವೇದಿಕೆಯ ಸರದಿ) ಕೊಡುವ ಷೋಗಳೂ ಇವೆ. ಹೊಸ ಊರಿನಲ್ಲಿ ನಿಮಗೆ ಗೊತ್ತಿರುವುದು ರೂಮ್‌ಮೇಟ್ ಮತ್ತು ಮನೆ ಮಾಲೀಕರು. ಮಾಲೀಕರನ್ನು ಕರೆದೊಯ್ದರೆ ಬಾಡಿಗೆಯ ಜೋಕು ಹೇಳುವಂತಿಲ್ಲ. ಇಂಥ ಷೋಗಳನ್ನು ಮೊದಲ ವರ್ಷ ದೂರವಿಡುವುದೇ ಲೇಸು. ಹಾಗೆ ಕರೆತಂದವರ ನಗು ಮತ್ತದೇ ದಾಕ್ಷಿಣ್ಯದ ನಗು.

ವೇದಿಕೆಗೆ ಕರೆದರು ಎಂದುಕೊಳ್ಳೋಣ. ಮೊದಲ ಅನಾಹುತ ಸ್ಟ್ಯಾಂಡಿನದು. ನಿಮಗಿಂತ ಮೊದಲು ಆರಡಿಯವರು ನಿಂತಿದ್ದರೆ ಮೈಕ್ ನಿಮ್ಮ ಹಣೆಯ ಮಟ್ಟದಲ್ಲಿರುತ್ತದೆ. ನಡುವಿನ ಹಿಡಿಯನ್ನು ಅರ್ಧ ಸುತ್ತು ಸಡಿಲಿಸಿದರೆ ಸಾಕು, ಪೈಪು ಇಳಿಯುತ್ತದೆ. ಗಾಬರಿಯಲ್ಲಿ ಪೂರ್ತಿ ತಿರುಗಿಸಿದರೆ ಪೈಪು ದಬಕ್ಕನೆ ಕುಸಿದು ಸಂಜೆಯ ಅತಿ ದೊಡ್ಡ ನಗುವನ್ನು ತಾನೇ ಗಿಟ್ಟಿಸಿಕೊಳ್ಳುತ್ತದೆ. ಮೈಕನ್ನು ಕ್ಲಿಪ್ಪಿನಿಂದ ಬಿಡಿಸಿ, ಸ್ಟ್ಯಾಂಡನ್ನು ಎತ್ತಿ ಹಿಂದಕ್ಕಿಡಿ. ಮುಂದೆಯೇ ಬಿಟ್ಟರೆ ಐದು ನಿಮಿಷವೂ ಕಂಬಿಯ ಹಿಂದೆ ನಿಂತ ಕೈದಿಯ ಹಾಗೆ ಕಾಣುತ್ತೀರಿ. ವೈರನ್ನು ಮಾತಾಡುತ್ತ ಬಿಡಿಸಬೇಡಿ. ಜನ ಗಂಟನ್ನೇ ನೋಡುತ್ತಾರೆ, ಬಿಚ್ಚುತ್ತದೋ ಇಲ್ಲವೋ ಎಂಬ ಕುತೂಹಲ ನಿಮ್ಮ ಕತೆಗಿಂತ ಹೆಚ್ಚು.

ಮೈಕ್ ಬಹುಪಾಲು ಕಡೆ 1966ರಲ್ಲಿ ಮಾರುಕಟ್ಟೆಗೆ ಬಂದ ಶೂರ್ ಎಸ್‌ಎಂ58 ಅಥವಾ ಅದರ ತಮ್ಮನಂಥದು: ತುದಿಯಲ್ಲಿ ಜಾಲರಿಯ ಗುಂಡು. ಅದು ಬಾಯಿಯ ಕಡೆಯ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವಂತೆ ಮಾಡಿದ್ದು. ಸ್ಟೈಲಿಗೆಂದು ಗುಂಡನ್ನೇ ಮುಷ್ಟಿಯಲ್ಲಿ ಹಿಡಿದರೆ ಆ ಏರ್ಪಾಡು ಕೆಟ್ಟು, ಸ್ಪೀಕರಿನ ಸದ್ದನ್ನೂ ಅದು ಎಳೆದುಕೊಂಡು ಕೀ... ಎಂದು ಕಿರುಚುತ್ತದೆ. ತುಟಿಯಿಂದ ಎರಡು-ಮೂರು ಬೆರಳು ದೂರ, ಗಲ್ಲದ ಕಡೆ ತುಸು ಕೆಳಗೆ. ದೂರ ದುಪ್ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೈ ಆಡಿಸುತ್ತ ಮಾತಾಡುವವರ ಪಂಚ್‌ಗಳೇ (ನಗು ತರಿಸುವ ಕೊನೆಯ ಮಾತುಗಳೇ) ಕೇಳಿಸದೆ ಹೋಗುವುದು ಇದಕ್ಕೇ. ಅದಕ್ಕೆ ದಾರಿ ಮಾಡುವ ಸೆಟಪ್ಪೆಲ್ಲ ಮೈಕಿಗೆ ಹೇಳಿ, ಪಂಚ್ ಹೊತ್ತಿಗೆ ಕೈ ಹೊಟ್ಟೆಯ ಹತ್ತಿರ ಇಳಿದಿರುತ್ತದೆ.

ಕೊನೆಗೆ ಒಂದು ನಿಮಿಷ ಉಳಿದಾಗ ಹಿಂದಿನಿಂದ ಲೈಟ್ ತೋರಿಸುತ್ತಾರೆ, ಹೆಚ್ಚಾಗಿ ಮೊಬೈಲ್ ಟಾರ್ಚು. ಕಂಡಿತೆಂದು ಸಣ್ಣಗೆ ತಲೆ ಆಡಿಸಿ ಮುಗಿಸುವ ದಾರಿ ಹಿಡಿಯಬೇಕು. ಹೊಸಬರು 'ಓ, ಲೈಟ್ ಬಂತು' ಎಂದು ಘೋಷಿಸುತ್ತಾರೆ, ಅಲ್ಲಿಂದಾಚೆ ಇಡೀ ಕೋಣೆ ಗಡಿಯಾರ ನೋಡುತ್ತದೆ. ಇಲ್ಲವೇ ತಮ್ಮ ಅತಿ ಉದ್ದದ ಕತೆಯನ್ನು ಆಗಲೇ ಶುರುಮಾಡುತ್ತಾರೆ. ಸಮಯ ಮೀರಿದವರ ಹೆಸರು ಮುಂದಿನ ವಾರದ ಪಟ್ಟಿಯಲ್ಲಿ ಹೇಗೋ ಬಿಟ್ಟುಹೋಗುತ್ತದೆ. ಆದ್ದರಿಂದ 5 ನಿಮಿಷದ ಸ್ಪಾಟಿಗೆ ಮನೆಯಲ್ಲಿ 4 ನಿಮಿಷಕ್ಕೆ ಮುಗಿಯುವಷ್ಟೇ ಬರೆಯಿರಿ. ನಗು ಬಂದರೆ ಉಳಿದ ನಿಮಿಷ ಅದಕ್ಕೆ ಬೇಕು. ಬಾರದಿದ್ದರೆ ಭಯಕ್ಕೆ ಮಾತು ಓಡಿ 3 ನಿಮಿಷಕ್ಕೇ ಎಲ್ಲ ಖಾಲಿ.

ಕೋಣೆಯನ್ನು ಓದುವುದು ಜೋಕು ಬರೆಯುವಷ್ಟೇ ಮುಖ್ಯ ಎನ್ನುವುದು ಈ ಬರಹದ ಪಕ್ಷಪಾತ. 40 ಕುರ್ಚಿಯಲ್ಲಿ 12 ಜನ ಚೆಲ್ಲಾಪಿಲ್ಲಿಯಾಗಿ ಕೂತರೆ ಅದು ಸಭೆಯಾಗುವುದಿಲ್ಲ, 12 ಒಂಟಿ ಜೀವಗಳಾಗುತ್ತವೆ. ಪಕ್ಕದವರ ನಗು ಕಿವಿಗೆ ಬಿದ್ದರೆ ತಾನೆ ನಮ್ಮ ನಗು ಎದ್ದೇಳುವುದು? ಚಾವಣಿ ಎತ್ತರವಿದ್ದರೆ ನಗು ಮೇಲೆ ಹೋಗಿ ಅಲ್ಲೇ ಕಳೆದುಹೋಗುತ್ತದೆ. ಜನರ ಮೇಲೆ ಬೆಳಕಿದ್ದರೆ ನಾಚಿಕೆ ಬಿಟ್ಟು ಯಾರೂ ನಗುವುದಿಲ್ಲ. ಕಮಿಡಿಯನ್ನರ ಹಿಂದೆ ಎಲ್ಲೆಲ್ಲೂ ಕಾಣುವ ಆ ಇಟ್ಟಿಗೆ ಗೋಡೆ ಮಾತ್ರ ಇಂಥ ಯಾವ ವಿಜ್ಞಾನದಿಂದಲೂ ಬಂದದ್ದಲ್ಲ. 1963ರಲ್ಲಿ ನ್ಯೂಯಾರ್ಕಿನಲ್ಲಿ ಇಂಪ್ರೊವ್ ಎಂಬ ಕಾಮಿಡಿ ಕ್ಲಬ್ ತೆರೆದ ಬಡ್ ಫ್ರೀಡ್‌ಮನ್ ಗೋಡೆಯ ಹಳೆಯ ಹಲಗೆ ಕಿತ್ತಾಗ ಒಳಗೆ ಇಟ್ಟಿಗೆ ಕಂಡಿತು, ಮುಚ್ಚಲು ದುಡ್ಡಿರಲಿಲ್ಲ. ಇಂದು ಅದೇ ಗೋಡೆ ಬೇಕೆಂದು ದುಡ್ಡು ಕೊಟ್ಟು ಇಟ್ಟಿಗೆಯ ವಾಲ್‌ಪೇಪರ್ ಅಂಟಿಸುವವರಿದ್ದಾರೆ.

ಬೇಗ ಹೋಗಿದ್ದೀರಲ್ಲ, ಕುರ್ಚಿ ಜೋಡಿಸಲು ಕೈಹಾಕಿ. ಬರುವ ನಿರೀಕ್ಷೆಗಿಂತ ಕಡಿಮೆ ಕುರ್ಚಿ ಹಾಕಿ, ಒತ್ತೊತ್ತಾಗಿ, ಮೊದಲ ಸಾಲು ವೇದಿಕೆಗೆ ಅಂಟಿಕೊಂಡ ಹಾಗೆ. ಜನ ಬಂದಂತೆ ಹಿಂದೆ ಸೇರಿಸಿದರಾಯಿತು. ಇದರಿಂದ ಎರಡು ಲಾಭ. ನಿಮ್ಮ ಸೆಟ್ಟಿಗೇ (ವೇದಿಕೆಯ ಮೇಲೆ ಹೇಳುವ ಜೋಕುಗಳ ಕಂತೆಗೇ) ನಗು ಹೆಚ್ಚು, ಮತ್ತು ಷೋ ನಡೆಸುವವರಿಗೆ ನಿಮ್ಮ ಜೋಕು ನೆನಪಿರದಿದ್ದರೂ ಕುರ್ಚಿ ಎತ್ತಿದ್ದು ನೆನಪಿರುತ್ತದೆ. ತಮ್ಮ ಸ್ಪಾಟ್ ಮುಗಿದ ತಕ್ಷಣ ಬ್ಯಾಗ್ ಹೆಗಲಿಗೇರಿಸಿ ಹೊರಡುವವರೂ ಅವರಿಗೆ ಚೆನ್ನಾಗಿ ನೆನಪಿರುತ್ತಾರೆ.

ಪ್ರತಿ ಸೆಟ್ಟನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಬೆಳಗ್ಗೆ ಕೇಳಿ. ರಾತ್ರಿಯೇ ಕೇಳಿದರೆ ವೃತ್ತಿ ಬದಲಿಸುವ ಯೋಚನೆ ಬರುತ್ತದೆ. ನಿಮಿಷಕ್ಕೆ ಎಷ್ಟು ನಗು ಎಂದು ಎಣಿಸಿ. ನಾಲ್ಕೈದು ಇದ್ದರೆ ಸೆಟ್ ಓಡುತ್ತಿದೆ. ಮೊದಲ ನಗು 40ನೇ ಸೆಕೆಂಡಿಗೆ ಬಂದಿದ್ದರೆ ಅದರ ಹಿಂದಿನದನ್ನೆಲ್ಲ ಕತ್ತರಿಸಿ. ನಗು ಏಳುತ್ತಿದ್ದಂತೆಯೇ ನೀವು ಮುಂದಿನ ವಾಕ್ಯ ಶುರುಮಾಡಿ ಅದನ್ನು ತುಳಿದಿದ್ದೀರಾ, ನೋಡಿ. ಕನ್ನಡದಲ್ಲಿ ಹೇಳುವವರಿಗೆ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಕೂರುವುದರಿಂದ ಪಂಚ್ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. 'ಮಾಲೀಕರು ಸ್ವಿಚ್ಚನ್ನೂ ಕಿತ್ತುಕೊಂಡು ಹೋಗಿದ್ದಾರೆ ಅಂತ ಆಮೇಲೆ ಗೊತ್ತಾಯಿತು' ಎಂದರೆ ನಗಬೇಕಾದ ಸ್ವಿಚ್ಚು ಮುಂದೆಯೇ ಹೋಗಿ, ಬಾಲ ಉಳಿಯುತ್ತದೆ. 'ಬಲ್ಬ್ ತಗೊಂಡು ಹೋಗಿದ್ದಾರೆ ಅಂದ್ಕೊಂಡು ಹೊಸದು ತಂದೆ. ಅವರು ತಗೊಂಡು ಹೋಗಿದ್ದು ಸ್ವಿಚ್ಚು' ಎಂದು ತಿರುಗಿಸಿ ನಿಲ್ಲಿಸಿ. 'ಅಂತ', 'ಅಂದ್ರು', 'ಅನ್ನೋ ಹಾಗೆ' ಎಂಬ ಬಾಲಗಳನ್ನು ಕತ್ತರಿಸಿದರೇ ಅರ್ಧ ಕೆಲಸ ಆಯಿತು.

ಮಕಾಡೆ ಮಲಗುವ ರಾತ್ರಿಗಳು ಬರುತ್ತವೆ. ಜನರನ್ನು ಬಯ್ಯಬೇಡಿ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತದೆ. ಆದರೆ ನೆಲವೂ ಕೆಲವು ಸಲ ನಿಜಕ್ಕೂ ಡೊಂಕೇ: ನೀವು ಮಾತಾಡುವ ಹೊತ್ತಿಗೆ ಎಲ್ಲ ಟೇಬಲ್ಲಿಗೂ ಬಿಲ್ ಬಂದಿದ್ದರೆ, ಕೂಡುವ ಲೆಕ್ಕದಲ್ಲಿ ಮುಳುಗಿದವರನ್ನು ಬ್ರಹ್ಮನೂ ನಗಿಸಲಾರ. ಆದ್ದರಿಂದ ಒಂದು ಜೋಕನ್ನು ಮೂರು ಬೇರೆ ಕೋಣೆಗಳಲ್ಲಿ ಹೇಳಿದ ಮೇಲಷ್ಟೇ ಎಸೆಯಿರಿ.

ಮುಂದಿನ ಮೆಟ್ಟಿಲು ಹೋಸ್ಟಿಂಗ್ (ಷೋ ನಿರೂಪಿಸಿ ಒಬ್ಬೊಬ್ಬರನ್ನೇ ವೇದಿಕೆಗೆ ಕರೆಯುವುದು), ಆಮೇಲೆ ದುಡ್ಡು ಸಿಗುವ 10 ನಿಮಿಷ, ಆಮೇಲೆ 20. ಸ್ಪಾಟ್ ಕೇಳುವಾಗ ಎರಡು ಸಾಲಿನ ಮೆಸೇಜು, ಜೊತೆಗೆ ಎಲ್ಲೂ ಕತ್ತರಿಸದ 5 ನಿಮಿಷದ ವಿಡಿಯೊ ಸಾಕು, ಜೀವನಚರಿತ್ರೆ ಬೇಡ. ಹೋಸ್ಟ್ ಆದಾಗ ಉಳಿದವರ ಹೆಸರನ್ನು ಸರಿಯಾಗಿ ಉಚ್ಚರಿಸಿ. ನಿಮ್ಮ ಹೆಸರನ್ನು ಪೋಸ್ಟರಿನಲ್ಲಿ ತಪ್ಪಾಗಿ ಅಚ್ಚು ಹಾಕಿದರೆ ಮಾತ್ರ ಸದ್ಯಕ್ಕೆ ಸುಮ್ಮನಿರಿ.

ಹೀಗೆ ಒಂದು ವರ್ಷ ಕಳೆದ ಮೇಲೆ, ಯಾವುದೋ ರಾತ್ರಿ ಎರಡನೇ ಸಾಲಿನಲ್ಲಿ ಒಬ್ಬರು ಪಂಚ್ ಬರುವ ಮೊದಲೇ ನಕ್ಕುಬಿಡುತ್ತಾರೆ. ಮೂರನೇ ಸಲ ಬಂದವರು, ನಿಮಗಾಗಿಯೇ. ಮರುದಿನ ರೆಕಾರ್ಡಿಂಗ್ ಕೇಳಿ ನಗು ಎಣಿಸುವಾಗ ಅವರದನ್ನು ಕಳೆಯಿರಿ. ಅವರೀಗ ಗುರುತಿನವರು.