ಬೂದಿ ಹಿಡಿಯುವ ವಿಮಾನ, ಬೂದಿ ಬಿದ್ದ ದೋಣಿ

1949ರ ಸೆಪ್ಟೆಂಬರ್ 3. ಅಮೆರಿಕದ ಡಬ್ಲ್ಯೂಬಿ-29 ವಿಮಾನವೊಂದು ಜಪಾನಿನಿಂದ ಅಲಾಸ್ಕಾಕ್ಕೆ ಹೊರಟಿತ್ತು. ಹೆಸರಿಗೆ ಹವಾಮಾನದ ವಿಮಾನ. ಬೆನ್ನ ಮೇಲೊಂದು ಪೆಟ್ಟಿಗೆ, ಅದರೊಳಗೆ ಫಿಲ್ಟರ್ ಕಾಗದ. ಗಾಳಿ ಹಾದುಹೋದಂತೆ ದೂಳು ಕಾಗದಕ್ಕೆ ಅಂಟುತ್ತದೆ, ಅಷ್ಟೇ. ಇಳಿದ ಮೇಲೆ ಆ ಕಾಗದವನ್ನು ವಿಕಿರಣ ಎಣಿಸುವ ಕೌಂಟರಿಗೆ ಹಿಡಿದರು. ಎಣಿಕೆ ನಿಮಿಷಕ್ಕೆ 50 ದಾಟಿದರೆ ಎಚ್ಚರಿಕೆ ಕೊಡಬೇಕು ಅನ್ನೋದು ನಿಯಮ. ಬಂದಿದ್ದು 85. ಆಗಸ್ಟ್ 29ರಂದು ಕಜಾಕಿಸ್ತಾನದಲ್ಲಿ ಸೋವಿಯತ್ತರು ಗುಟ್ಟಾಗಿ ಸಿಡಿಸಿದ್ದ ಮೊದಲ ಅಣುಬಾಂಬ್ ಹೀಗೆ ಸಿಕ್ಕಿಬಿತ್ತು.

ಇಂಥದ್ದೊಂದು ಪತ್ತೆ ವ್ಯವಸ್ಥೆ ಬೇಕೇ ಬೇಕು ಅಂತ 1947ರಲ್ಲೇ ಪಟ್ಟು ಹಿಡಿದವರು ಲೂಯಿಸ್ ಸ್ಟ್ರಾಸ್. ಆಗ ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯ, ಮುಂದೆ ಅದರ ಅಧ್ಯಕ್ಷ. ದೂರದೃಷ್ಟಿ ಇತ್ತು, ಒಪ್ಪೋಣ.

ಆದರೆ 1954ರ ಮಾರ್ಚ್ 1ರಂದು ದೂಳು ಅಮೆರಿಕದ ಬಾಂಬಿನದೇ ಆಗಿತ್ತು. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ 'ಬ್ರಾವೋ' ಅನ್ನೋ ಹೈಡ್ರೋಜನ್ ಬಾಂಬ್ ಪರೀಕ್ಷೆ. 6 ಮೆಗಾಟನ್ (ಒಂದು ಮೆಗಾಟನ್ ಅಂದರೆ 10 ಲಕ್ಷ ಟನ್ ಟಿಎನ್‌ಟಿ ಸ್ಫೋಟಕದಷ್ಟು) ಆಸುಪಾಸು ಅಂದುಕೊಂಡಿದ್ದರು, ಆಗಿದ್ದು 15. ರೊಂಗೆರಿಕ್ ದ್ವೀಪದಲ್ಲಿ 28 ಅಮೆರಿಕನ್ ಸಿಬ್ಬಂದಿ ಇದ್ದರು, ಅವರ ಬಳಿ ವಿಕಿರಣ ಅಳೆಯುವ ಯಂತ್ರವೂ ಇತ್ತು. ಏಳೇ ಗಂಟೆಯಲ್ಲಿ ಅದರ ಮುಳ್ಳು ಕೊನೆಯ ಅಂಕಿ ಮುಟ್ಟಿ ನಿಂತುಬಿಟ್ಟಿತು. ಮರುದಿನ ಅವರನ್ನು ವಿಮಾನದಲ್ಲಿ ಕರೆದೊಯ್ದರು. ಪಕ್ಕದ ರೊಂಗೆಲಾಪ್ ದ್ವೀಪದ ಜನರಿಗೆ ಹಡಗು ಬಂದಿದ್ದು ಅದರ ಮಾರನೇ ದಿನ. ಅಷ್ಟರಲ್ಲಿ ಅಲ್ಲಿನ ಮಕ್ಕಳು ಆ ಬಿಳಿ ಪುಡಿಯಲ್ಲಿ ಆಟ ಆಡಿ ಮುಗಿಸಿದ್ದರು. ಸಾವಿರಾರು ಕಿಲೋಮೀಟರ್ ಆಚೆಯ ರಷ್ಯಾದ ದೂಳು ಮೂಗಿಗೆ ಬಡಿಯುತ್ತದೆ, ಪಕ್ಕದ ದ್ವೀಪದ್ದು ಬಡಿಯೋದಿಲ್ಲ ಅಂದ್ರೆ ನಂಬಬೇಕಾ? ಮೂಗು ಯಾವ ಕಡೆಗೆ ತಿರುಗಿತ್ತು ಅನ್ನೋದೇ ಇಲ್ಲಿ ಪ್ರಶ್ನೆ.

ಅದೇ ಬೂದಿ ಜಪಾನಿನ ಮೀನುಗಾರಿಕೆ ದೋಣಿ 'ಫುಕುರ್ಯು ಮಾರು' ಮೇಲೂ ಗಂಟೆಗಟ್ಟಲೆ ಬಿತ್ತು. ಅಪಾಯ ವಲಯ ಅಂತ ಘೋಷಿಸಿದ್ದ ಜಾಗದ ಹೊರಗಿದ್ದ ದೋಣಿ. 23 ಜನ ಬರಿಗೈಯಲ್ಲೇ ಗುಡಿಸಿದರು. ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸ್ಟ್ರಾಸ್ ಮಾತ್ರ ದೋಣಿ ಅಪಾಯ ವಲಯದ ಒಳಗೇ ಇತ್ತು ಅಂತ ಸುದ್ದಿಗಾರರ ಮುಂದೆ ಹೇಳಿಬಿಟ್ಟರು. ಅದು ಕೆಂಪು, ಅಂದರೆ ಕಮ್ಯುನಿಸ್ಟ್, ಬೇಹುಗಾರರ ದೋಣಿ ಅಂತಲೂ ಅಂದರಂತೆ. ಇದನ್ನು ಬರೆದಿಟ್ಟಿದ್ದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ರಿಕಾ ಕಾರ್ಯದರ್ಶಿ ಹ್ಯಾಗರ್ಟಿ, ತಮ್ಮ ಡೈರಿಯಲ್ಲಿ.

ಒಂದು ರೀತಿಯಲ್ಲಿ ಆ ದೋಣಿ ಬೇಹುಗಾರಿಕೆ ಮಾಡಿದ್ದು ನಿಜವೇ! ಪಾಪ, ಗೊತ್ತಿಲ್ಲದೆ. ಅದರ ಮೇಲಿನ ಬೂದಿಯಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕೆಂಜಿರೊ ಕಿಮುರಾ ಅವರ ತಂಡಕ್ಕೆ ಯುರೇನಿಯಂ-237 ಸಿಕ್ಕಿತು. ಬಾಂಬಿನ ಹೊರಗವಚದ ಯುರೇನಿಯಂ ಕೂಡ ಸಿಡಿದಿತ್ತು ಅನ್ನೋದಕ್ಕೆ ಅದೇ ಸುಳಿವು. ಅಷ್ಟು ಮುಚ್ಚಿಟ್ಟಿದ್ದ ಬಾಂಬಿನ ಒಳಗುಟ್ಟು ಟ್ಯೂನಾ ಹಿಡಿಯುವ ದೋಣಿಯ ಮೂಲಕ ಹೊರಬಿತ್ತು.

ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ, ಕೊನೇಪಕ್ಷ ಪರೀಕ್ಷೆಗಳನ್ನಾದರೂ ನಿಲ್ಲಿಸಿ ಅಂದರು. ಯಾರು ಕೇಳಬೇಕು?

ಸಮುದ್ರ ದೊಡ್ಡದು, ಎಲ್ಲ ಕರಗಿಹೋಗುತ್ತೆ ಅನ್ನೋದು ಅಮೆರಿಕದ ವಾದ. ಜಪಾನ್ ಸುಮ್ನೆ ಕೂರಲಿಲ್ಲ. ಮೇ ತಿಂಗಳಲ್ಲಿ 'ಶುಂಕೊತ್ಸು ಮಾರು' ಹಡಗಿನಲ್ಲಿ ವಿಜ್ಞಾನಿಗಳನ್ನು ಕಳಿಸಿತು. ನೀರು, ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು), ಮೀನಿನ ಪಿತ್ತಜನಕಾಂಗ, ಒಂದೊಂದನ್ನೂ ಅಳೆದರು. ವಿಕಿರಣ ಕರಗಿ ಮಾಯವಾಗಿರಲಿಲ್ಲ, ಪ್ರವಾಹದ ಜೊತೆ ಪಶ್ಚಿಮಕ್ಕೆ ಹರಿಯುತ್ತಿತ್ತು. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಗೌರವ ಇರೋದು ಈ ಹಡಗಿನ ಮೇಲೆ. ಅದು ಹುಡುಕಿದ್ದು ಶತ್ರುವಿನ ಗುಟ್ಟನ್ನಲ್ಲ, ತಾವು ತಿನ್ನುವ ಮೀನಿನಲ್ಲಿ ಏನಿದೆ ಅನ್ನೋದನ್ನು.

1955ರಲ್ಲಿ ಅಮೆರಿಕವೂ ತನ್ನ 'ಟೇನಿ' ಹಡಗು ಕಳಿಸಿ ಅಳೆಯಿತು. ಜಪಾನಿನವರು ಹೇಳಿದ್ದೇ ನಿಜವಾಗಿತ್ತು. ಆದರೆ ಅಷ್ಟೊತ್ತಿಗೆ ಅಮೆರಿಕ ಜಪಾನಿಗೆ 20 ಲಕ್ಷ ಡಾಲರ್ ಕೊಟ್ಟು, ಕಾನೂನಿನ ಹೊಣೆಯ ಮಾತೇ ಬೇಡ ಅಂತ ಬರೆದು, ಲೆಕ್ಕ ಚುಕ್ತಾ ಮಾಡಿಯಾಗಿತ್ತು.