ಜ್ವರ ಬಿಟ್ಟ ಮೇಲೆ ಬಂದ ಜೋಮು

ಜ್ವರ ಬಿಟ್ಟು ಹನ್ನೆರಡು ದಿನವಾಗಿತ್ತು. ಕೆಮ್ಮು ನಿಂತು ನನ್ನ ತಮ್ಮ ಕೆಲಸಕ್ಕೂ ಹೋಗತೊಡಗಿದ್ದ. ಅವತ್ತು ಸಂಜೆ ಬಂದವನೇ "ಅಕ್ಕಾ, ಎರಡೂ ಪಾದ ಜೋಮು ಹಿಡಿದಂಗಿದೆ" ಅಂದ. ಇಡೀ ದಿನ ಕೂತೇ ಇರ್ತೀಯಲ್ಲ, ಅದಕ್ಕೇ ಅಂದೆ ನಾನು. ಮರುದಿನ ನಡೆಯುತ್ತಿದ್ದಾಗ ಒಂದು ಕಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿದಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ಮೂರನೇ ದಿನ ಮೆಟ್ಟಿಲು ಹತ್ತಲಾಗಲಿಲ್ಲ.

ಮೊದಲು ನೋಡಿದ ವೈದ್ಯರು ಬೆನ್ನಿನ ನರ ಒತ್ತಿರಬೇಕೆಂದು ನೋವಿನ ಮಾತ್ರೆ ಕೊಟ್ಟರು. ಜ್ವರ ಬಂದಿತ್ತೇ ಎಂದು ಅವರು ಕೇಳಲಿಲ್ಲ, ನಾವು ಹೇಳಲೂ ಇಲ್ಲ. ವಾಸಿಯಾಗಿ ಹೋದ ನೆಗಡಿ-ಜ್ವರದ ಸುದ್ದಿಯನ್ನು ಕಾಲುನೋವಿಗೆ ತೋರಿಸಲು ಹೋದವರು ಯಾಕೆ ಎತ್ತುತ್ತಾರೆ?

ಆ ರಾತ್ರಿ ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಅವನ ಮೊಣಕಾಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದಕ್ಕೆ ತಟ್ಟಿದರು, ಅದೂ ಇಲ್ಲ. ತಕ್ಷಣ ಕೇಳಿದರು: "ಹೋದ ಒಂದು ತಿಂಗಳಲ್ಲಿ ಜ್ವರ, ಕೆಮ್ಮು, ಭೇದಿ ಏನಾದ್ರೂ ಆಗಿತ್ತಾ?"

ಗಿಲ್ಲನ್ ಬಾರೆ ಸಿಂಡ್ರೋಮ್ ಎಂಬ ಹೆಸರು ನಾನು ಕೇಳಿದ್ದು ಆಗಲೇ. ಸೋಂಕಿನ ವಿರುದ್ಧ ಹೋರಾಡಲು ದೇಹ ತಯಾರಿಸಿಕೊಂಡ ಪ್ರತಿಕಾಯಗಳು ನಮ್ಮದೇ ನರಗಳನ್ನು, ಹೆಚ್ಚಾಗಿ ನರದ ಸುತ್ತಲಿನ ಮೈಲಿನ್ ಕವಚವನ್ನು, ಶತ್ರುವೆಂದು ತಿಳಿದು ಮೇಲೆ ಬೀಳುತ್ತವೆ. ಸೋಂಕು ಬಂದ ಮೇಲೆ ಒಂದರಿಂದ ಮೂರು ವಾರದಲ್ಲಿ ಇದು ಶುರುವಾಗುವುದು ಸಾಮಾನ್ಯ. ಬಲಹೀನತೆ ಪಾದದಿಂದ ಮೇಲಕ್ಕೆ ಏರುತ್ತದೆ. 1916ರಲ್ಲಿ ಗಿಲ್ಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಕಂಡು ಬರೆದಿಟ್ಟ ಲಕ್ಷಣವನ್ನೇ ಇವತ್ತಿಗೂ ಹುಡುಕುತ್ತಾರೆ: ಬೆನ್ನುಹುರಿಯ ನೀರಿನಲ್ಲಿ ಪ್ರೋಟೀನ್ ಏರಿರುತ್ತದೆ, ಜೀವಕೋಶಗಳ ಸಂಖ್ಯೆ ಮಾತ್ರ ಏರಿರುವುದಿಲ್ಲ. ಮೊದಲ ವಾರದಲ್ಲಿ ಆ ಪರೀಕ್ಷೆಯೂ ಸರಿಯಾಗಿಯೇ ಇದೆಯೆಂದು ಬರಬಹುದು. ಹಾಗಾಗಿಯೇ ಆ ಸುತ್ತಿಗೆ, ಆ ಒಂದು ಪ್ರಶ್ನೆ ಅಷ್ಟು ಮುಖ್ಯ.

ನೆಗಡಿ ಬಂದವರೆಲ್ಲ ಹೆದರಬೇಕಿಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಆದರೆ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳೂ ಸೋತು ವೆಂಟಿಲೇಟರ್ ಬೇಕಾಗುತ್ತದೆ. ಐವಿಐಜಿ (ದಾನಿಗಳ ರಕ್ತದಿಂದ ತೆಗೆದು ರಕ್ತನಾಳಕ್ಕೆ ಹನಿಸುವ ಪ್ರತಿಕಾಯಗಳು) ಅಥವಾ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗವನ್ನು ತೆಗೆದು ಬೇರೆ ದ್ರವ ತುಂಬುವುದು) ಬಲಹೀನತೆ ಶುರುವಾದ ಮೊದಲ ಎರಡು ವಾರದೊಳಗೆ ಸಿಕ್ಕರೆ ಹೆಚ್ಚು ಫಲ. ಎರಡೂ ಕಾಲಿನ ಜೋಮು ಮೇಲೇರುತ್ತಿದ್ದರೆ, ನುಂಗಲು, ಉಸಿರಾಡಲು ಕಷ್ಟವಾದರೆ, ನಾಳೆ ನೋಡೋಣ ಅನ್ನಬೇಡಿ. ಹೋದ ಕೂಡಲೇ ಹಿಂದಿನ ಜ್ವರದ ಮಾತು ಹೇಳಿ.

ಸೋಂಕು ಹೋದ ಮೇಲೂ ಉಳಿಯುವ ಕಷ್ಟ ಇದೊಂದೇ ಅಲ್ಲ. ಕೋವಿಡ್ ಆದ ಮೇಲೆ ತಲೆಗೆ ಮಂಜು ಕವಿದಂತಾಗಿದೆ ಅನ್ನುವವರ ಬಗ್ಗೆಯೂ ಹೇಳಲೇಬೇಕು. ಒಂದೇ ಪುಟವನ್ನು ನಾಲ್ಕು ಸಲ ಓದುವ, ಹೇಳಬೇಕೆಂದ ಪದ ಬಾಯಿಗೆ ಬಾರದೆ ಕಣ್ಣೀರು ಹಾಕುವ ಗೆಳತಿ ನನಗಿದ್ದಾಳೆ. ಅವಳ ಸ್ಕ್ಯಾನ್ ಸರಿಯಾಗಿದೆ. ಅದಕ್ಕೇ ಎಲ್ಲರೂ "ಮನಸ್ಸು ಗಟ್ಟಿ ಮಾಡ್ಕೋ" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಬ್ರಿಟನ್ನಿನ 785 ಜನರಿಗೆ ಎರಡೆರಡು ಸಲ ಮಾಡಿದ ಮೆದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅವರಲ್ಲಿ ಎರಡು ಸ್ಕ್ಯಾನ್‌ಗಳ ನಡುವೆ ಕೋವಿಡ್ ಬಂದವರಿಗೆ, ವಾಸನೆಗೆ ಸಂಬಂಧಿಸಿದ ಭಾಗಗಳಲ್ಲಿ ಬದಲಾವಣೆ ಉಳಿದವರಿಗಿಂತ ತುಸು ಹೆಚ್ಚೇ ಕಂಡಿತ್ತು. ಕೋವಿಡ್ ಬಂದ ಆ ಗುಂಪಿನಲ್ಲಿ ಬಹುಪಾಲು ಜನ ಆಸ್ಪತ್ರೆಗೆ ಸೇರಿದವರೂ ಅಲ್ಲ. ಇಷ್ಟು ಸೂಕ್ಷ್ಮ ವ್ಯತ್ಯಾಸ ಒಬ್ಬರ ಮಾಮೂಲು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಕಾಣಲಿಲ್ಲವೆಂದು ಅವಳ ಕಷ್ಟವನ್ನು ಸುಳ್ಳು ಮಾಡಬೇಡಿ.

ತಮ್ಮ ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿದ್ದ. ಎಂಟು ತಿಂಗಳಾಯಿತು, ನಡೆಯುತ್ತಾನೆ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ಈಗಲೂ ತೂರಾಡುತ್ತಾನೆ, ಒಂದು ಕೈ ಗೋಡೆ ಹಿಡಿದಿರಬೇಕು. ಮೊನ್ನೆ ಬೆಳಿಗ್ಗೆ ಹಾಸಿಗೆಯಿಂದ ಬರಿಗಾಲಲ್ಲಿ ಇಳಿದವನು ನಿಂತಲ್ಲೇ ನಿಂತು ನನ್ನನ್ನು ಕೂಗಿದ. "ಅಕ್ಕಾ, ನೆಲ ತಣ್ಣಗಿದೆ."