ಫ್ರೆಂಡ್ ತೆಗೆದ ಫೋಟೊಗೂ ಹೆಸರು ಹಾಕಿ

ಕನ್ನಡದ ಯಾವ್ದಾದ್ರೂ ಒಂದು ಹೊಸ ಪುಸ್ತಕ ತಗೊಂಡು ಮೊದಲ ಪುಟಗಳನ್ನ ತಿರುವಿ ನೋಡಿ. ಬಳಸಿದ ಕಾಗದ 70 ಜಿಎಸ್‌ಎಂ (ಅಂದ್ರೆ ಚದರ ಮೀಟರಿಗೆ 70 ಗ್ರಾಂ ತೂಕದ) ಮ್ಯಾಪ್ಲಿಥೊ ಅಂತ ಇರುತ್ತೆ, ಆಕಾರ 1/8 ಡೆಮಿ ಅಂತ ಇರುತ್ತೆ, ಅಕ್ಷರ ಜೋಡಣೆ ಯಾರದ್ದು, ಮುಖಪುಟ ವಿನ್ಯಾಸ ಯಾರದ್ದು, ಯಾವ ಪ್ರೆಸ್ಸಲ್ಲಿ ಪ್ರಿಂಟಾಯ್ತು ಎಲ್ಲಾ ಇರುತ್ತೆ. ಈಗ ಹಿಂದಿನ ರಕ್ಷಾಪುಟ ನೋಡಿ. ಲೇಖಕರದ್ದು ಒಂದು ಚಂದದ ಫೋಟೊ, ಕಿಟಕಿ ಬೆಳಕು ಕೆನ್ನೆ ಮೇಲೆ ಬಿದ್ದಿರೋದು. ತೆಗೆದವ್ರು ಯಾರು? ಎಷ್ಟೋ ಪುಸ್ತಕಗಳಲ್ಲಿ ಅದೊಂದು ಮಾತ್ರ ಇರಲ್ಲ. ಕಾಗದದ ತೂಕ ಗೊತ್ತಾಗುತ್ತೆ, ಫೋಟೊ ತೆಗೆದವನ ಹೆಸರು ಗೊತ್ತಾಗಲ್ಲ. ಕೇಳಿದ್ರೆ ಬರೋ ಉತ್ತರ ಒಂದೇ, "ಅಯ್ಯೋ ಅದು ನಮ್ಮ ಹುಡುಗನೇ ತೆಗೆದಿದ್ದು, ಫ್ರೆಂಡು".

ಫ್ರೆಂಡು ಅನ್ನೋದೇ ಹೆಸರು ಬಿಡೋಕೆ ಕಾರಣ ಆಗೋದು ನಂಗೆ ಬಹಳ ಬೇಜಾರಿನ ವಿಷಯ. ದುಡ್ಡು ಕೊಟ್ಟು ಕರೆಸಿದ್ರೆ ಬಿಲ್ ಇರ್ತಿತ್ತು, ಸ್ಟುಡಿಯೊ ಹೆಸರು ಎಲ್ಲಾದ್ರೂ ಬರ್ತಿತ್ತು. ಪುಕ್ಕಟೆ ಮಾಡಿಕೊಟ್ಟವನಿಗೆ ದುಡ್ಡೂ ಇಲ್ಲ ಹೆಸರೂ ಇಲ್ಲ. ಅವನಾಗೇ ಬಾಯಿಬಿಟ್ಟು ಕೇಳೋಣ ಅಂದ್ರೆ "ಇಷ್ಟಕ್ಕೆಲ್ಲ ಲೆಕ್ಕ ಹಾಕ್ತಾನಲ್ಲ" ಅಂತ ಸಣ್ಣವನಾಗ್ತಾನೆ ಅನ್ನೋ ಭಯ. ಹಾಗಾಗಿ ಯಾರೂ ಕೇಳಲ್ಲ.

ನಾನು ಹವ್ಯಾಸಕ್ಕೆ ಫೋಟೊ ತೆಗೆಯೋನು, ಹೆಚ್ಚಾಗಿ ನಾಟಕದ್ದು. ಒಂದು ನಾಟಕದ ಫೋಟೊ ಅಂದ್ರೆ ಏನು ಕೆಲಸ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ "ಕ್ಲಿಕ್ ಮಾಡೋದು ತಾನೇ" ಅನ್ನೋ ಮಾತು ಇಲ್ಲಿಂದಲೇ ಶುರುವಾಗೋದು. ಫ್ಲಾಶ್ ಹೊಡಿಯೋ ಹಾಗಿಲ್ಲ. ಸ್ಟೇಜ್ ಮೇಲೆ ಅರ್ಧ ಕತ್ತಲು, ನಡುವೆ ಒಂದು ಸ್ಪಾಟ್‌ಲೈಟ್. ಐಎಸ್ಒ, ಅಂದ್ರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ, ಕೆಲವೊಮ್ಮೆ 6400ಕ್ಕೆ ಏರಿಸ್ಬೇಕು, ಶಟರ್ ವೇಗ ಸೆಕೆಂಡಿನ 1/125ಕ್ಕಿಂತ ಕೆಳಗಿಳಿದ್ರೆ ಕೈ ಅಲ್ಲಾಡಿದ್ದೆಲ್ಲ ಮಸುಕು. ಮುಖಕ್ಕೆ ಸ್ಪಾಟ್ ಬಿದ್ದ ತಕ್ಷಣ ಫೋಟೊದಲ್ಲಿ ಹಣೆ ಬೆಳ್ಳಗೆ ಸುಟ್ಟೋಗುತ್ತೆ, ಅದಕ್ಕೆ ಎಕ್ಸ್‌ಪೋಷರ್ (ಒಳಗೆ ಬಿಡೋ ಬೆಳಕು) ಇಳಿಸಿ ಇಟ್ಕೊಂಡಿರಬೇಕು, ಅದೇ ನಟಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಬಂದ್ರೆ ಕಣ್ಣೇ ಕಾಣಲ್ಲ, ಮತ್ತೆ ಏರಿಸಬೇಕು. ಇದರ ಮೇಲೆ ನಾಟಕ ಗೊತ್ತಿರಬೇಕು, ಯಾವ ಮಾತಾದ್ಮೇಲೆ ಆ ನಟ ಒಂದು ಕ್ಷಣ ಸುಮ್ಮನೆ ನಿಲ್ತಾನೆ ಅನ್ನೋದು ಗೊತ್ತಿದ್ರೇನೆ ಆ ಫೋಟೊ ಸಿಗೋದು, ಅದಕ್ಕೆ ರಿಹರ್ಸಲ್ಲಿಗೂ ಹೋಗಿ ಕೂತಿರ್ತೀವಿ. ಆಮೇಲೆ ಮನೆಗೆ ಬಂದು ರಾತ್ರಿಯೆಲ್ಲ ನೂರಾರು ಫೋಟೊಗಳಲ್ಲಿ ಆರಿಸೋದು, ಕಲರ್ ಸರಿಮಾಡೋದು, ಕಣ್ಣು ಮುಚ್ಚಿರೋದನ್ನ ತೆಗೆಯೋದು, ಬೆಳಿಗ್ಗೆ ಎಂಟಕ್ಕೇ "ಫೋಟೊ ಎಲ್ಲಿ ಗುರು" ಅಂತ ಮೆಸೇಜು.

ಕಳಿಸಿದ ಮೇಲೆ ಆ ಫೋಟೊ ಎಲ್ಲೆಲ್ಲಿಗೆ ಹೋಗುತ್ತೆ ನೋಡಿ. ಮೊದಲು ತಂಡದವ್ರ ಡಿಪಿ. ಆಮೇಲೆ ಪತ್ರಿಕೆಯ ವರದಿ ಜೊತೆಗೆ. ಮುಂದಿನ ಶೋಗೆ ಪೋಸ್ಟರ್ರು, ಬ್ರೋಷರ್ರು, ಟಿಕೆಟ್ ಪೇಜು. ಬ್ರೋಷರ್‌ನಲ್ಲಿ ಬೆಳಕು ಯಾರು, ಪ್ರಸಾಧನ ಯಾರು, ಪರಿಕರ ಯಾರು, ಹಾಲ್ ಕೊಟ್ಟವ್ರು ಯಾರು, ಊಟ ಕೊಟ್ಟವ್ರು ಯಾರು ಅಂತ ಎಲ್ಲಾ ಇರುತ್ತೆ, ಇರಲೇಬೇಕು, ಅದು ರಂಗಭೂಮಿಯ ಒಳ್ಳೆ ಸಂಸ್ಕಾರ. ಆದ್ರೆ ಆ ಬ್ರೋಷರ್ ಮೇಲಿರೋ ಫೋಟೊದವನು ಮಾತ್ರ ಪಟ್ಟಿಯಲ್ಲಿಲ್ಲ. ನಂಗೆ ಗೊತ್ತಿರೋ ಒಂದು ತಂಡದಲ್ಲಿ ಹೀಗೇ ಆಗಿ, ಚೆನ್ನಾಗಿ ತೆಗೀತಿದ್ದ ಹುಡುಗ ಒಬ್ಬ ಏನೂ ಹೇಳದೆ ಬರೋದೇ ನಿಲ್ಲಿಸಿಬಿಟ್ಟ. ತಂಡದವ್ರು ಇವತ್ತಿಗೂ "ಬಿಝಿ ಇರ್ಬೇಕು" ಅಂತಾರೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊದ ಕರ್ತೃ ಅಂದ್ರೆ ಅದನ್ನ ತೆಗೆದವನು. ಯಾರಾದ್ರೂ ದುಡ್ಡು ಕೊಟ್ಟು ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ, ಕಾಪಿರೈಟ್ ಫೋಟೊ ತೆಗೆಸಿದವರದ್ದು, ಇದು ಸೆಕ್ಷನ್ 17ರಲ್ಲಿದೆ. ಅಂದ್ರೆ ದುಡ್ಡು ಕೊಟ್ಟು ಮಾಡಿಸಿದ ಮದುವೆ ಆಲ್ಬಮ್ಮಿನ ಹಕ್ಕು ಮದುವೆ ಮನೆಯವರದ್ದು, ಆದ್ರೆ ಏನೂ ತಗೊಳ್ಳದೆ ಸ್ನೇಹಕ್ಕೆ ತೆಗೆದುಕೊಟ್ಟ ಫೋಟೊದ ಹಕ್ಕು ತೆಗೆದವನ ಹತ್ರಾನೇ ಉಳಿಯುತ್ತೆ. ಬೇರೆಯವರಿಗೆ ಹಕ್ಕು ವರ್ಗಾಯಿಸ್ಬೇಕು ಅಂದ್ರೆ ಬರವಣಿಗೆಯಲ್ಲೇ ಆಗ್ಬೇಕು, ಬಾಯಿಮಾತಲ್ಲಿ ನಡೆಯಲ್ಲ. ಇನ್ನು "ಇದು ನನ್ನ ಕೆಲಸ" ಅಂತ ಹೇಳ್ಕೊಳ್ಳೋ ಹಕ್ಕು ಸೆಕ್ಷನ್ 57ರ ಪ್ರಕಾರ ಕಾಪಿರೈಟ್ ಮಾರಿದ ಮೇಲೂ ಕರ್ತೃವಿಗೆ ಉಳಿಯುತ್ತೆ. ಸ್ನೇಹಿತನ ಮೇಲೆ ಕೇಸ್ ಹಾಕಿ ಅಂತ ಯಾರಿಗೂ ನಾನು ಹೇಳ್ತಿಲ್ಲ. ಹೆಸರು ಹಾಕೋದು ನಾವು ಮಾಡೋ ಉಪಕಾರ ಅಂತ ಅಂದ್ಕೊಂಡಿದೀವಲ್ಲ, ಅದು ಅವನ ಹಕ್ಕು, ಅಷ್ಟನ್ನ ತಿಳ್ಕೊಳ್ಳಿ ಅಂತ ಹೇಳ್ತಿದೀನಿ.

ಕ್ಯೂಬಾ ಕ್ರಾಂತಿಯ ನಾಯಕ ಚೆ ಗೆವಾರನ ಆ ಫೋಟೊ ಎಲ್ಲರೂ ನೋಡಿದೀರಿ, ನಮ್ಮೂರ ಬೈಕು, ಟೀಶರ್ಟು ಮೇಲೂ ಇದೆ. 1960ರ ಮಾರ್ಚ್ 5ರಂದು ಹವಾನಾದಲ್ಲಿ ಅದನ್ನ ತೆಗೆದವರು ಆಲ್ಬರ್ಟೊ ಕೊರ್ಡಾ. 1967ರಲ್ಲಿ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿ ಪರಿಚಯದ ಪತ್ರ ಹಿಡ್ಕೊಂಡು ಸ್ಟುಡಿಯೊಗೆ ಬಂದಾಗ, ಕ್ರಾಂತಿಯ ಸ್ನೇಹಿತ ಅಂತ ಕೊರ್ಡಾ ಒಂದು ಪೈಸೆ ತಗೊಳ್ದೆ ಪ್ರಿಂಟ್ ಕೊಟ್ಟುಬಿಟ್ರು. ಚೆ ಸತ್ತ ಮೇಲೆ ಅದು ಕೊರ್ಡಾ ಹೆಸರಿಲ್ಲದ ಪೋಸ್ಟರ್ ಆಗಿ ಜಗತ್ತೆಲ್ಲ ಹರಡ್ತು. ರಾಯಲ್ಟಿ ಬೇಕು ಅಂತ ಅವ್ರು ಯಾವತ್ತೂ ಹಠ ಹಿಡೀಲಿಲ್ಲ, 2000ದಲ್ಲಿ ವೋಡ್ಕಾ ಜಾಹೀರಾತಿಗೆ ಬಳಸಿದಾಗ ಮಾತ್ರ ಕೇಸ್ ಹಾಕಿ, ಬಂದ 50,000 ಡಾಲರನ್ನ ಕ್ಯೂಬಾದ ಮಕ್ಕಳ ಔಷಧಿಗೆ ಕೊಟ್ರು. ಜಗತ್ತಲ್ಲಿ ಅತಿ ಹೆಚ್ಚು ಹಂಚಿಕೆಯಾದ ಫೋಟೊಗಳಲ್ಲಿ ಒಂದು ಅದು, ಕೊಟ್ಟಿದ್ದು ಸ್ನೇಹಕ್ಕೆ!

ಅಷ್ಟು ದೂರ ಯಾಕೆ, ಇದೇ ಫೇಸ್‌ಬುಕ್ಕಲ್ಲಿ ರಾಜ್‌ಕುಮಾರ್ ಅವರ ಹಳೇ ಸಿನಿಮಾ ಸ್ಟಿಲ್‌ ಫೋಟೊಗಳನ್ನ ದಿನಾ ಶೇರ್ ಮಾಡ್ತೀವಿ. ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥನಾರಾಯಣ ಅಂತ ಆ ಕಾಲದ ಸ್ಟಿಲ್ ಫೋಟೊಗ್ರಾಫರ್‌ಗಳ ಹೆಸರು ಎಷ್ಟು ಪೋಸ್ಟ್‌ಗಳಲ್ಲಿ ನೋಡಿದೀರಿ? ಕನ್ನಡದ ಲೇಖಕರ ಭಾವಚಿತ್ರಗಳನ್ನ ವರ್ಷಗಟ್ಟಲೆ ತೆಗೆದ ಎ.ಎನ್. ಮುಕುಂದ್ ಹೆಸರು? ಒಂದು ಸಲ ಹೆಸರು ಕಳಚಿದ್ರೆ ಮತ್ತೆ ಸೇರಿಸೋವ್ರು ಯಾರೂ ಇರಲ್ಲ, ಅದಕ್ಕೇ ಮೊದಲ ಸಲ ಹಾಕೋವಾಗಲೇ ಹಾಕ್ಬೇಕು.

ಕೆಲವರು ಹೇಳ್ತಾರೆ, ನಾವು ಕೇಳಿದ್ವಿ, ಅವನೇ ಬೇಡ ಅಂದ ಅಂತ. ಬೇಡ ಅಂದಿದ್ರೆ ಸರಿ, ನಮ್ಮ ಫೋಟೊಗೆ ಕಿತ್ತಳೆ ಬಣ್ಣದ ಫಿಲ್ಟರ್ ಹಾಕಿ ಅರ್ಧ ಕತ್ತರಿಸಿದ್ರೆ ನಾನೂ ನನ್ನ ಹೆಸರು ಬೇಡ ಅಂತೀನಿ. ಆದ್ರೆ ನಿಜವಾಗ್ಲೂ ಕೇಳಿರಬೇಕು.

ತೆಗೆಯೋ ಗೆಳೆಯರಿಗೂ ಒಂದು ಮಾತು. ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಕಾಪಿರೈಟ್ ಅಂತ ಒಂದು ಜಾಗ ಇರುತ್ತೆ, ಅಲ್ಲಿ ಹೆಸರು ತುಂಬಿಟ್ರೆ ಪ್ರತಿ ಫೈಲ್ ಒಳಗೂ ಸೇರುತ್ತೆ. ವಾಟ್ಸಾಪಲ್ಲಿ ಮಾಮೂಲಿ ಫೋಟೊ ಥರ ಕಳಿಸಿದ್ರೆ ಆ ಮಾಹಿತಿ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ, ಉಳಿಯುತ್ತೆ, ಕ್ವಾಲಿಟಿನೂ ಇಳಿಯಲ್ಲ. ಜೊತೆಗೆ "ಎಲ್ಲಿ ಬಳಸಿದ್ರೂ ಫೋಟೊ: ಇಂಥವರು ಅಂತ ಹಾಕಿ" ಅಂತ ಅಲ್ಲೇ ಟೈಪ್ ಮಾಡಿಬಿಡಿ, ಸಂಕೋಚ ಬೇಡ, ಫ್ರೆಂಡ್ ಆದವ್ರು ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಇದನ್ನ ಓದ್ತಿರೋವ್ರಲ್ಲಿ ಎಷ್ಟೋ ಜನರ ಡಿಪಿ, ಕವರ್ ಫೋಟೊ ಯಾರೋ ಗೆಳೆಯರು ತೆಗೆದುಕೊಟ್ಟಿದ್ದೇ. ಹಳೇ ಪೋಸ್ಟಿಗೂ ಎಡಿಟ್ ಆಪ್ಷನ್ ಇದೆ, ಡಿಪಿಗೂ ವಿವರ ಬರಿಯೋಕಾಗುತ್ತೆ. ಈಗಲೇ ಹೋಗಿ ಅವರ ಹೆಸರು ಸೇರಿಸಿ, ಟ್ಯಾಗ್ ಮಾಡಿ.